ಸಂತಾನದ ನಿರ್ಧಾರ ಯಾರದು? ವಿಕಲಚೇತನ ಮಹಿಳೆಯರ ಕುರಿತ ಸಂಶೋಧನೆ ಮತ್ತು ಫೆಲೋಶಿಪ್

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದ ಉನ್ನತ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಕಾರ್ಯದರ್ಶಿಗಳು ಫೋನ್ ಮಾಡಿ, "ಮೇಡಂ, ಪಿಎಚ್.ಡಿ. ಮಾಡುವುದು ಹೇಗೆ, ಫೆಲೋಶಿಪ್ ಎಲ್ಲಿ ಸಿಗುತ್ತದೆ, ಇಷ್ಟನ್ನು ನಮ್ಮ ಮಕ್ಕಳಿಗೆ ಅರ್ಧ ಗಂಟೆಯಲ್ಲಿ ಹೇಳಿಬಿಡಿ" ಎಂದರು. ಫೆಲೋಶಿಪ್‌ಗಳ ಪಟ್ಟಿ ಓದುವುದಕ್ಕೆ ಹತ್ತು ನಿಮಿಷ ಸಾಕು. ಆದರೆ ಮನೆ ಮುಟ್ಟುವುದರೊಳಗೆ ನೀವು ಅದನ್ನು ಮರೆತಿರುತ್ತೀರಿ. ಆದುದರಿಂದ ನನಗೆ ಚೆನ್ನಾಗಿ ಗೊತ್ತಿರುವ ಒಂದೇ ವಿಷಯವನ್ನು ಎತ್ತಿಕೊಂಡು, ಅದರ ಸಂಶೋಧನೆಗೆ ಹಣ ಎಲ್ಲಿಂದ ಬರುತ್ತದೆ, ಎಲ್ಲಿ ಸಾಲದೇ ಹೋಗುತ್ತದೆ ಎಂಬುದನ್ನು ನಿಮ್ಮ ಮುಂದಿಡುತ್ತೇನೆ. ವಿಕಲಚೇತನ ಹೆಣ್ಣುಮಗಳು ಮದುವೆಯಾಗಬೇಕೇ, ಮಗು ಹೆರಬೇಕೇ, ಬಸಿರು ನಿಲ್ಲಬೇಕೇ, ಆಪರೇಷನ್ ಆಗಬೇಕೇ ಎಂಬುದನ್ನು ಯಾರು ತೀರ್ಮಾನಿಸುತ್ತಾರೆ ಎಂಬುದೇ ಆ ವಿಷಯ. ಇಂಥ ಮಾತನ್ನು ಹೆಣ್ಣುಮಕ್ಕಳು ಕುಳಿತಿರುವ ಸಭೆಯಲ್ಲಿ ಆಡಬಹುದೇ ಎಂದು ಸಮಿತಿಯ ಒಬ್ಬ ಹಿರಿಯರು ಹಿಂಜರಿದರಂತೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಈ ಮಾತನ್ನು ಹೆಣ್ಣುಮಕ್ಕಳಿಂದ ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ನನ್ನ ಮನೆಯಲ್ಲೇ ನೋಡಿದ್ದೇನೆ.

ನನ್ನ ಆಪಾ ಹುಟ್ಟಿನಿಂದ ಕಿವುಡರು. ಕಿವುಡು ಮಕ್ಕಳ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದರು. ಮದುವೆಯಾಯಿತು. 2001ರಲ್ಲಿ ಎರಡನೆಯ ಹೆರಿಗೆ, ಸಿಸೇರಿಯನ್. ಆ ದಿನ ಆಸ್ಪತ್ರೆಯ ವರಾಂಡದಲ್ಲಿ ನಾನೂ ಇದ್ದೆ, ಪದವಿಯ ಎರಡನೆಯ ವರ್ಷದಲ್ಲಿದ್ದೆ. ಒಳಗಿನಿಂದ ಬಂದ ಸಿಸ್ಟರ್ ಒಂದು ಕಾಗದ ಹಿಡಿದು, "ಹೇಗೂ ಹೊಟ್ಟೆ ಕೊಯ್ದಿದೆ, ಇದರ ಜೊತೆಗೇ ಮಕ್ಕಳಾಗದ ಆಪರೇಷನ್ ಮಾಡಿಬಿಡೋಣ, ಮುಂದಿನದು ಕಿವುಡು ಹುಟ್ಟಿದರೆ ಏನು ಮಾಡುತ್ತೀರಿ" ಎಂದರು. ಭಾವ ಸಹಿ ಹಾಕಿದರು. ಅಮ್ಮಿ ಹೆಬ್ಬೆಟ್ಟು ಒತ್ತಿದರು. ಮೊದಲ ಮಗುವಿಗೆ ಕಿವಿ ಚೆನ್ನಾಗಿ ಕೇಳುತ್ತದೆ ಎಂಬುದು ಯಾರಿಗೂ ನೆನಪಾಗಲಿಲ್ಲ. ಆಪಾರಿಗೆ ಹೊಲಿಗೆ ಹಾಕಿದ್ದಾರೆ ಎಂದಷ್ಟೇ ಕೈಸನ್ನೆಯಲ್ಲಿ ತಿಳಿಸಿದೆವು. ತಿಳಿಸಿದವಳು ನಾನೇ, ಏಕೆಂದರೆ ಮನೆಯಲ್ಲಿ ಅವರ ಸನ್ನೆ ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದುದು ನನಗೆ.

ಆಪಾ ಎಂಟು ವರ್ಷ ಇನ್ನೊಂದು ಮಗುವಿಗಾಗಿ ದುಆ ಮಾಡಿದರು. 2009ರಲ್ಲಿ ಆರೋಗ್ಯ ಶಿಬಿರವೊಂದರಲ್ಲಿ ನರ್ಸ್ ಒಬ್ಬರು ಹಳೆಯ ಡಿಸ್ಚಾರ್ಜ್ ಚೀಟಿ ನೋಡಿ ಸನ್ನೆ ಮಾಡಿ ಹೇಳಿದಾಗ ಅವರಿಗೆ ತಿಳಿಯಿತು. ಮನೆಗೆ ಬಂದು ಅಮ್ಮಿಯನ್ನು ಏನೂ ಕೇಳಲಿಲ್ಲ. ನನ್ನನ್ನು ಕೇಳಿದರು: ನಿನಗೆ ಗೊತ್ತಿತ್ತಾ? ಇದನ್ನು ನಿಮ್ಮ ಮುಂದೆ ಹೇಳಲು ಅವರ ಒಪ್ಪಿಗೆ ಪಡೆದೇ ಬಂದಿದ್ದೇನೆ. ಊರಿನ ಹೆಸರು, ಆಸ್ಪತ್ರೆಯ ಹೆಸರು ಬೇಡ ಎಂದಿದ್ದಾರೆ.

ಇದು ನಮ್ಮ ಮನೆಯ ಕಥೆ ಮಾತ್ರ ಆಗಿದ್ದರೆ ನಾನು ಅದನ್ನು ಭಾಷಣಕ್ಕೆ ತರುತ್ತಿರಲಿಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ಕ್ಯಾರಿ ಬಕ್ ಎಂಬ ಯುವತಿಗೆ ಬುದ್ಧಿ ಸಾಲದು ಎಂದು ಹೇಳಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ಅಲ್ಲಿನ ಸುಪ್ರೀಂ ಕೋರ್ಟ್ 1927ರಲ್ಲಿ ಒಪ್ಪಿಗೆ ಕೊಟ್ಟಿತು. ಆಕೆಯ ತಂಗಿ ಡೋರಿಸ್‌ಗೂ ಅದೇ ಆಪರೇಷನ್ ಆಯಿತು. ಆಕೆಗೆ ಹೇಳಿದ್ದು ಅಪೆಂಡಿಕ್ಸ್ ಎಂದು. ಮದುವೆಯಾಗಿ, ಮಕ್ಕಳಿಗಾಗಿ ಕಾದು, ಸತ್ಯ ತಿಳಿಯುವಷ್ಟರಲ್ಲಿ ಆಕೆ ಮುದುಕಿಯಾಗಿದ್ದರು, ಸುಮಾರು ಐವತ್ತು ವರ್ಷ ಕಳೆದಿತ್ತು. ಇದನ್ನು ನಾನು ಗ್ರಂಥಾಲಯದಲ್ಲಿ ಮೊದಲ ಬಾರಿಗೆ ಓದಿದ ದಿನ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಕುಳಿತೆ. ನಮ್ಮ ದೇಶದಲ್ಲಿಯೂ 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಬೌದ್ಧಿಕ ವೈಕಲ್ಯದ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಪುಣೆಯ ಸಾಸೂನ್ ಆಸ್ಪತ್ರೆಯಲ್ಲಿ ತೆಗೆಯಲಾಯಿತು. ಮುಟ್ಟಿನ ದಿನಗಳಲ್ಲಿ ಶುಚಿತ್ವ ಕಾಪಾಡುವುದು ಕಷ್ಟ ಎಂಬುದು ಕೊಟ್ಟ ಕಾರಣ. ಮಹಿಳಾ ಸಂಘಟನೆಗಳು ದನಿ ಎತ್ತಿದ ಮೇಲೆ ನಿಂತಿತು.

ಕಾನೂನು ಅಂದಿನಿಂದ ಬಹಳ ದೂರ ಬಂದಿದೆ. 2009ರ ಆಗಸ್ಟ್ ತಿಂಗಳಿನಲ್ಲಿ, ಅಂದರೆ ಆಪಾರಿಗೆ ವಿಷಯ ತಿಳಿದ ವರ್ಷವೇ, ನಮ್ಮ ಸುಪ್ರೀಂ ಕೋರ್ಟ್ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಚಂಡೀಗಢದ ಸರ್ಕಾರಿ ಆಶ್ರಯಧಾಮದಲ್ಲಿದ್ದ, ಸೌಮ್ಯ ಬೌದ್ಧಿಕ ವೈಕಲ್ಯವಿದ್ದ ಅನಾಥ ಯುವತಿ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾಗಿದ್ದಳು. ಗರ್ಭ ತೆಗೆಸುವಂತೆ ಹೈಕೋರ್ಟ್ ಆದೇಶಿಸಿತ್ತು. ಆದರೆ ಆಕೆಗೆ ಮಗು ಬೇಕಿತ್ತು. ತಜ್ಞರ ಮುಂದೆ ಹಾಗೆಂದೇ ಹೇಳಿದ್ದಳು. ಆಕೆಯ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸುವಂತಿಲ್ಲ, ಮಗು ಬೇಕೋ ಬೇಡವೋ ಎಂಬ ಆಯ್ಕೆ ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಕೋರ್ಟ್ ಹೇಳಿತು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 10ನೆಯ ಸೆಕ್ಷನ್ ಪ್ರಕಾರ, ಸ್ವಂತ ತಿಳಿವಳಿಕೆಯಿಂದ ಕೊಟ್ಟ ಮುಕ್ತ ಒಪ್ಪಿಗೆ ಇಲ್ಲದೆ ಯಾವ ವಿಕಲಚೇತನ ವ್ಯಕ್ತಿಗೂ ಬಂಜೆತನ ತರುವ ಚಿಕಿತ್ಸೆ ಮಾಡುವಂತಿಲ್ಲ. ಸಂತಾನ ಮತ್ತು ಕುಟುಂಬ ಯೋಜನೆಯ ಮಾಹಿತಿ ಅವರಿಗೆ ಮುಟ್ಟುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ. ವಿಕಲಚೇತನ ಮಹಿಳೆಯ ಸ್ಪಷ್ಟ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿದರೆ 6 ತಿಂಗಳಿನಿಂದ 5 ವರ್ಷದವರೆಗೆ ಜೈಲು ಎಂದು 92ನೆಯ ಸೆಕ್ಷನ್ ಹೇಳುತ್ತದೆ. ಅದರಲ್ಲಿಯೇ ಒಂದು ವಿನಾಯಿತಿಯೂ ಇದೆ: ತೀವ್ರ ವೈಕಲ್ಯವಿದ್ದರೆ ವೈದ್ಯರ ಅಭಿಪ್ರಾಯ ಮತ್ತು ಪಾಲಕರ ಒಪ್ಪಿಗೆ ಸಾಕು. ತೀವ್ರ ಎಂದರೆ ಎಷ್ಟು, ಅದನ್ನು ಹೇಳುವವರು ಯಾರು? ಕಾನೂನು ಓದುತ್ತಿರುವ ವಿದ್ಯಾರ್ಥಿಗಳು ಇಲ್ಲಿದ್ದರೆ ಈ ಒಂದು ವಾಕ್ಯದ ಮೇಲೆಯೇ ಒಂದು ಪ್ರಬಂಧ ಬರೆಯಬಹುದು.

ಕಾನೂನು ಹೀಗಿದ್ದರೂ ಮನೆಯೊಳಗೆ, ಹೆರಿಗೆ ಕೋಣೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ತಿಳಿಯಲು ಯಾರಾದರೂ ಹೋಗಿ ಕೇಳಬೇಕು. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ವಿಕಲಚೇತನರು, ಅವರಲ್ಲಿ ಸುಮಾರು 1.18 ಕೋಟಿ ಮಹಿಳೆಯರು. ಕರ್ನಾಟಕದಲ್ಲಿ ಒಟ್ಟು 13 ಲಕ್ಷಕ್ಕೂ ಹೆಚ್ಚು ವಿಕಲಚೇತನರು. ಈ ಹೆಣ್ಣುಮಕ್ಕಳ ಬಗ್ಗೆ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಬರುವ ಪ್ರಬಂಧಗಳ ಹೆಸರು ನಿಮಗೂ ಗೊತ್ತು: "ವಿಕಲಚೇತನ ಮಹಿಳೆಯರ ಸಾಮಾಜಿಕ, ಆರ್ಥಿಕ ಸ್ಥಿತಿಗತಿ: ಇಂತಿಂಥ ಜಿಲ್ಲೆಯನ್ನು ಅನುಲಕ್ಷಿಸಿ ಒಂದು ಅಧ್ಯಯನ". ಜಿಲ್ಲೆ ಬದಲಾಗುತ್ತದೆ, ಉಳಿದದ್ದು ಹಾಗೆಯೇ ಇರುತ್ತದೆ. ಮಾಸಾಶನ ಬರುತ್ತದೆಯೇ, ಮನೆ ಇದೆಯೇ ಎಂಬುದೆಲ್ಲ ಇರುತ್ತದೆ. ನಿನಗೆ ಮಗು ಬೇಕಿತ್ತೇ ಎಂಬ ಪ್ರಶ್ನೆ ಇರುವುದಿಲ್ಲ.

ಬೇರೆಯವರನ್ನು ದೂರುವ ಮೊದಲು ನನ್ನದನ್ನೇ ಹೇಳುತ್ತೇನೆ. ಆಪಾರ ಪ್ರಶ್ನೆಗೆ ಉತ್ತರವಾಗಿಯೇ ನಾನು ಪಿಎಚ್.ಡಿ.ಗೆ ಸೇರಿದೆ. ಫೆಲೋಶಿಪ್ ಸಿಕ್ಕಿತು. ನಲವತ್ತು ಮಂದಿ ವಿಕಲಚೇತನ ತಾಯಂದಿರನ್ನು ಮಾತನಾಡಿಸುವುದೆಂದು ಯೋಜನೆ ಹಾಕಿಕೊಂಡೆ. ಮೊದಲ ಹನ್ನೊಂದು ಸಂದರ್ಶನ ಮುಗಿಸಿ, ರೆಕಾರ್ಡ್ ಮಾಡಿದ್ದನ್ನು ಕುಳಿತು ಬರೆದುಕೊಳ್ಳುವಾಗ ಗೊತ್ತಾಯಿತು, ಅದರಲ್ಲಿರುವುದೆಲ್ಲ ಅತ್ತೆಯರ, ಅಮ್ಮಂದಿರ ದನಿ. "ಅವಳಿಗೇನು ತಿಳಿಯುತ್ತೆ ಮೇಡಂ, ನಾನೇ ಹೇಳ್ತೀನಿ ಬರ್ಕೊಳ್ಳಿ." ಬರೆದುಕೊಂಡಿದ್ದೆ. ಕಿವುಡು ಹೆಂಗಸರ ಮನೆಗೆ ಸನ್ನೆ ಭಾಷೆಯ ದುಭಾಷಿ ಇಲ್ಲದೆ ಹೋಗಿದ್ದೆ, ನನ್ನ ಮನೆಯ ಸನ್ನೆಯೇ ಸಾಕು ಎಂಬ ಧೈರ್ಯದಲ್ಲಿ. ಅದು ಆಪಾ ಮತ್ತು ನನ್ನ ನಡುವಿನ ಸನ್ನೆ, ಬೇರೆಯವರಿಗೆ ಅದು ಅರ್ಥವಾಗಬೇಕೆಂದೇನಿಲ್ಲ. 2001ರಲ್ಲಿ ಸಿಸ್ಟರ್ ಮಾಡಿದ್ದನ್ನೇ ನಾನು ನೋಟುಪುಸ್ತಕ ಹಿಡಿದು ಮಾಡುತ್ತಿದ್ದೆ. ಹನ್ನೊಂದನ್ನೂ ಬದಿಗಿಟ್ಟೆ. ಕಿವುಡು ಮಕ್ಕಳ ಶಾಲೆಯ ಒಬ್ಬ ಶಿಕ್ಷಕಿಯನ್ನು ದುಭಾಷಿಯಾಗಿ ಕರೆದುಕೊಂಡು, ಅವರಿಗೆ ಸಂಭಾವನೆ, ಬಸ್ ಚಾರ್ಜು, ಊಟ ಎಲ್ಲವನ್ನೂ ನನ್ನ ಜೇಬಿನಿಂದ ಕೊಟ್ಟು ಮತ್ತೆ ಹೋದೆ. ಎರಡನೆಯ ಬಾರಿ ಹೋದಾಗ ಒಬ್ಬ ಹೆಂಗಸು ಮೊದಲು ಕೇಳಿದ್ದೇ, "ಹೋದ ಸಲ ನಮ್ಮ ಅತ್ತೆ ನನ್ನ ಬಗ್ಗೆ ಏನು ಹೇಳಿದರು?" ಎಂದು.

ಹಣದ ಮಾತು ಇಲ್ಲಿಂದಲೇ ಶುರುವಾಗುತ್ತದೆ. ಅವಳನ್ನೇ ಕೇಳುವುದಕ್ಕೆ ಖರ್ಚಾಗುತ್ತದೆ, ಅವಳ ಅತ್ತೆಯನ್ನು ಕೇಳುವುದು ಅಗ್ಗ. ನೀವು ಅರ್ಜಿಯೊಂದಿಗೆ ಕೊಡುವ ಬಜೆಟ್ ನೋಡಿದರೆ ನೀವು ಯಾರನ್ನು ಮಾತನಾಡಿಸುತ್ತೀರಿ ಎಂಬುದು ಗೊತ್ತಾಗಿಬಿಡುತ್ತದೆ.

ಈಗ ಎಲ್ಲಿಂದ ಹಣ ಎಂದು ಕೇಳುತ್ತೀರಿ. ಎಲ್ಲರಿಗೂ ತೆರೆದಿರುವ ದೊಡ್ಡ ಬಾಗಿಲು ಯುಜಿಸಿ ನೆಟ್ ಪರೀಕ್ಷೆಯ ಜೆ.ಆರ್.ಎಫ್. 2023ರ ಜನವರಿಯಿಂದ ಅದು ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000, ಮನೆ ಬಾಡಿಗೆ ಭತ್ಯೆ ಬೇರೆ. ಸಮಾಜಶಾಸ್ತ್ರ, ಸಮಾಜಕಾರ್ಯ, ಮಹಿಳಾ ಅಧ್ಯಯನ, ಕಾನೂನು, ಯಾವ ದಾರಿಯಿಂದಲೂ ಈ ವಿಷಯಕ್ಕೆ ಬರಬಹುದು. ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯವೂ ಇದೆ. ಸ್ವತಃ ವಿಕಲಚೇತನರಾದ ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ಫೆಲೋಶಿಪ್ ಪ್ರತ್ಯೇಕವಾಗಿದೆ. ವರ್ಷಕ್ಕೆ 200 ಮಂದಿಗೆ ಸಿಗುವ ಯೋಜನೆ ಅದು. ಇಲ್ಲಿ ಕುಳಿತಿರುವ ಅಂಧ ವಿದ್ಯಾರ್ಥಿಗಳು, ಗಾಲಿಕುರ್ಚಿ ಬಳಸುವ ಆ ತಂಗಿ, ದಯವಿಟ್ಟು ಇದನ್ನು ಬರೆದುಕೊಳ್ಳಿ. ಈ ವಿಷಯವನ್ನು ನಮಗಿಂತ ಚೆನ್ನಾಗಿ ಸಂಶೋಧಿಸಬಲ್ಲವರು ನೀವು. ಭಾರತದಲ್ಲಿ ವಿಕಲಚೇತನ ಮಹಿಳೆಯರ ಬಗ್ಗೆ ಗಂಭೀರ ಅಧ್ಯಯನಕ್ಕೆ ದಾರಿ ಮಾಡಿದವರಲ್ಲಿ ಮುಖ್ಯರಾದ ಅನಿತಾ ಘಾಯ್ ಅವರೇ ಪೋಲಿಯೋ ಪೀಡಿತರಾಗಿದ್ದರು. ಸಮಾಜವಿಜ್ಞಾನದವರಿಗೆ ಐ.ಸಿ.ಎಸ್.ಎಸ್.ಆರ್. ಡಾಕ್ಟರೇಟ್ ಫೆಲೋಶಿಪ್ ಇದೆ, ಮೊತ್ತ ಜೆ.ಆರ್.ಎಫ್.ಗಿಂತ ಕಡಿಮೆ. ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯದ ಸಹಾಯದ ನಿಯಮಗಳನ್ನು ನಿಮ್ಮ ಜಿಲ್ಲಾ ಕಚೇರಿಗೇ ಹೋಗಿ ಆ ವರ್ಷದ ಸುತ್ತೋಲೆ ನೋಡಿ ತಿಳಿದುಕೊಳ್ಳಿ, ನಿಮ್ಮ ಸೀನಿಯರ್ ಹೇಳಿದ್ದನ್ನು ನಂಬಬೇಡಿ.

ಹಿರಿಯರು ಮೌಲಾನಾ ಆಜಾದ್ ಫೆಲೋಶಿಪ್ ಬಗ್ಗೆ ಕೇಳುತ್ತಾರೆ. ಅದು ಈಗ ಇಲ್ಲ. ಇಪ್ಪತ್ತು ವರ್ಷ ದಾಟಿದ ಮುಸ್ಲಿಮರಲ್ಲಿ ಪದವೀಧರರು ಶೇಕಡಾ 4ಕ್ಕಿಂತ ಕಡಿಮೆ ಎಂದು ಸಾಚಾರ್ ಸಮಿತಿ 2006ರಲ್ಲಿ ವರದಿ ಕೊಟ್ಟ ಮೇಲೆ, 2009ರಲ್ಲಿ ಅಲ್ಪಸಂಖ್ಯಾತ ಸಂಶೋಧಕರಿಗಾಗಿ ಅದು ಆರಂಭವಾಯಿತು. ಬೇರೆ ಯೋಜನೆಗಳಲ್ಲಿಯೂ ಈ ವಿದ್ಯಾರ್ಥಿಗಳು ಸೇರುತ್ತಾರೆ ಎಂಬ ಕಾರಣ ನೀಡಿ ಕೇಂದ್ರ ಸರ್ಕಾರ 2022-23ರಿಂದ ಅದನ್ನು ನಿಲ್ಲಿಸಿತು. 2014-15ರಿಂದ 2021-22ರವರೆಗೆ 6,722 ಮಂದಿ ಅದರಲ್ಲಿ ಆಯ್ಕೆಯಾಗಿದ್ದರು ಎಂದು ಸಂಸತ್ತಿಗೆ ಸರ್ಕಾರವೇ ತಿಳಿಸಿದೆ. ಆ ಕಾರಣ ನನಗೆ ಒಪ್ಪಿಗೆಯಾಗಿಲ್ಲ. ಆದರೆ ಅದಕ್ಕಾಗಿ ನಿಟ್ಟುಸಿರು ಬಿಡುತ್ತ ಕುಳಿತರೆ ನೆಟ್ ಪರೀಕ್ಷೆಯ ದಿನಾಂಕ ದಾಟಿಹೋಗುತ್ತದೆ.

ಫೆಲೋಶಿಪ್ ಬಂದರೆ ನಿಮ್ಮ ಊಟ, ರೂಮಿನ ಬಾಡಿಗೆ ನಡೆಯುತ್ತದೆ. ಕ್ಷೇತ್ರಕಾರ್ಯದ ಖರ್ಚು ಬೇರೆ. ಜೆ.ಆರ್.ಎಫ್.ನಲ್ಲಿ ಸಮಾಜವಿಜ್ಞಾನದವರಿಗೆ ಕಂಟಿಂಜೆನ್ಸಿ ಎಂದು ಇಟ್ಟಿರುವುದು ಮೊದಲ ಎರಡು ವರ್ಷ ವರ್ಷಕ್ಕೆ 10,000 ರೂಪಾಯಿ, ಆಮೇಲೆ 20,500. ಒಂದು ಲೆಕ್ಕ ಹಾಕೋಣ. ಇಪ್ಪತ್ತು ಮಂದಿ ಕಿವುಡು ಮಹಿಳೆಯರನ್ನು ಮೂರು ಮೂರು ಬಾರಿ ಭೇಟಿ ಮಾಡುತ್ತೀರಿ. ಇಂಥ ವಿಷಯ ಒಂದೇ ಭೇಟಿಯಲ್ಲಿ ಬಾಯಿಗೆ ಬರುವುದಿಲ್ಲ, ಮೊದಲ ಸಲ ಅವರು ನಿಮಗೆ ಚಹಾ ಕೊಟ್ಟು ಕಳಿಸುತ್ತಾರೆ ಅಷ್ಟೆ. ಒಂದು ಭೇಟಿಗೆ ದುಭಾಷಿಯ ಸಂಭಾವನೆ ಮತ್ತು ಪ್ರಯಾಣ ಸೇರಿ 1,500 ರೂಪಾಯಿ ಎಂದು ಇಟ್ಟುಕೊಂಡರೂ 90,000 ಆಯಿತು. ಎರಡು ವರ್ಷದ ಕಂಟಿಂಜೆನ್ಸಿ 20,000. ಉಳಿದ 70,000 ಎಲ್ಲಿಂದ? ಹೀಗಾಗಿಯೇ ಸಂಶೋಧಕರು ಅತ್ತೆಯನ್ನು ಕೇಳಿ ಬರುತ್ತಾರೆ. ಅವರು ಸೋಮಾರಿಗಳು ಎಂದಲ್ಲ. ಗಾಲಿಕುರ್ಚಿಯ ಮಹಿಳೆಯನ್ನು ಮನೆಯವರ ಕಿವಿಗೆ ಬೀಳದ ಜಾಗಕ್ಕೆ ಕರೆತರಲು ಆಟೋ ಬೇಕು. ಅಂಧರಿಗೆ ಒಪ್ಪಿಗೆ ಪತ್ರ ಬ್ರೈಲ್‌ನಲ್ಲಿಯೋ ಧ್ವನಿಮುದ್ರಣದಲ್ಲಿಯೋ ಬೇಕು. ಬೌದ್ಧಿಕ ವೈಕಲ್ಯದವರಿಗೆ ಅದೇ ಪತ್ರ ಚಿತ್ರಗಳಲ್ಲಿ, ಸಣ್ಣ ವಾಕ್ಯಗಳಲ್ಲಿ ಬೇಕು. ಇದನ್ನೆಲ್ಲ ಅರ್ಜಿಯಲ್ಲಿ ನಾಚದೆ ಬರೆಯಿರಿ. ಕೊಡುವವರು ಕಡಿತ ಮಾಡಿದರೆ ಮಾಡಲಿ, ಕಾಗದದ ಮೇಲೆ ಇರಲಿ. ವಿಶ್ವವಿದ್ಯಾನಿಲಯದ ನೈತಿಕತಾ ಸಮಿತಿಯ ಮುಂದೆಯೂ ಇದು ನಿಮ್ಮ ಸಹಾಯಕ್ಕೆ ಬರುತ್ತದೆ. ಒಪ್ಪಿಗೆಯ ಬಗ್ಗೆಯೇ ಸಂಶೋಧನೆ ಮಾಡುವವರು ಒಪ್ಪಿಗೆಯನ್ನು ಹೇಗೆ ಪಡೆಯುತ್ತೀರಿ ಎಂದು ಅವರು ಕೇಳಿಯೇ ಕೇಳುತ್ತಾರೆ.

ಹುಡುಗಿಯರಿಗೆ ಇನ್ನೊಂದು ಮಾತು. ಯುಜಿಸಿಯ 2022ರ ಪಿಎಚ್.ಡಿ. ನಿಯಮಗಳಲ್ಲಿ ಮಹಿಳೆಯರಿಗೂ, ಶೇಕಡಾ 40ಕ್ಕಿಂತ ಹೆಚ್ಚು ವೈಕಲ್ಯವಿರುವವರಿಗೂ 6 ವರ್ಷದ ಮೇಲೆ ಇನ್ನೂ 2 ವರ್ಷದ ಸಡಿಲಿಕೆ ಇದೆ, ಮಹಿಳಾ ಸಂಶೋಧಕರಿಗೆ ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ. ಮದುವೆಯಾದರೆ ಓದು ನಿಂತಿತು ಎನ್ನುವ ಮನೆಯವರಿಗೆ ಈ ನಿಯಮದ ಒಂದು ಪ್ರತಿಯನ್ನು ತೋರಿಸಿ.

ವಿಷಯ ಬೇಕು ಎನ್ನುವವರಿಗೆ ನಮ್ಮ ಸಮುದಾಯದೊಳಗೇ ಯಾರೂ ಸರಿಯಾಗಿ ಕೇಳದ ಪ್ರಶ್ನೆಗಳಿವೆ. ಒಂದನ್ನು ಹೇಳುತ್ತೇನೆ. ಮಕ್ಕಾದ ರಾಬಿತಾದ ಫಿಕ್ಹ್ ಮಂಡಳಿ 1990ರಲ್ಲಿ ಒಂದು ನಿರ್ಣಯ ಮಾಡಿತು. ಭ್ರೂಣದಲ್ಲಿ ಚಿಕಿತ್ಸೆಯಿಲ್ಲದ ತೀವ್ರ ವಿಕೃತಿ ಇದೆ ಎಂದು ನಂಬಿಕಸ್ಥ ವೈದ್ಯರ ಸಮಿತಿ ಖಚಿತಪಡಿಸಿದರೆ, 120 ದಿನದೊಳಗೆ, ತಂದೆ ತಾಯಿಯರ ಕೋರಿಕೆಯ ಮೇರೆಗೆ ಗರ್ಭ ತೆಗೆಸಲು ಅವಕಾಶ ಇದೆ, ಆ ಮೇಲೆ ತಾಯಿಯ ಜೀವಕ್ಕೆ ಅಪಾಯವಿದ್ದರೆ ಮಾತ್ರ ಎಂದು. ಭ್ರೂಣದ ಅಂಗಾಂಗ ನೋಡುವ ಸ್ಕ್ಯಾನಿಂಗ್ ನಮ್ಮಲ್ಲಿ ಸಾಮಾನ್ಯವಾಗಿ 18ರಿಂದ 20 ವಾರದಲ್ಲಿ ಮಾಡುತ್ತಾರೆ. ಡಾಕ್ಟರರು ಕೊನೆಯ ಮುಟ್ಟಿನಿಂದ ಎಣಿಸುತ್ತಾರೆ, 120 ದಿನ ಎಣಿಸುವುದು ಗರ್ಭ ನಿಂತ ದಿನದಿಂದ. ಎರಡು ವಾರದ ವ್ಯತ್ಯಾಸ ಸೇರಿಸಿದರೆ ಅದು ಡಾಕ್ಟರರ ಲೆಕ್ಕದಲ್ಲಿ ಸುಮಾರು 19 ವಾರ. ಅಂದರೆ ಸ್ಕ್ಯಾನಿಂಗ್ ವರದಿ ಕೈಗೆ ಬಂದು, ಇನ್ನೊಬ್ಬ ವೈದ್ಯರಿಗೆ ತೋರಿಸಿ, ಮೌಲ್ವಿ ಸಾಹೇಬರನ್ನು ಕೇಳುವಷ್ಟರಲ್ಲಿ ಗಡುವು ಮುಗಿದಿರುತ್ತದೆ ಅಥವಾ ಎರಡು ದಿನ ಉಳಿದಿರುತ್ತದೆ. ದೇಶದ ಕಾನೂನಿನಲ್ಲಿ 2021ರ ತಿದ್ದುಪಡಿಯ ನಂತರ ಇಂಥ ಪ್ರಕರಣಗಳಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರದವರೆಗೂ, ವೈದ್ಯಕೀಯ ಮಂಡಳಿ ಒಪ್ಪಿದರೆ ಅದಕ್ಕೂ ಮೇಲೆಯೂ ಅವಕಾಶವಿದೆ. ಈ ಎರಡು ಗಡುವುಗಳ ನಡುವೆ ಸಿಕ್ಕಿಕೊಂಡ ದಂಪತಿಗಳು ಯಾರ ಮಾತು ಕೇಳುತ್ತಾರೆ, ಏನೆಂದು ತಮ್ಮನ್ನು ಸಮಾಧಾನ ಮಾಡಿಕೊಳ್ಳುತ್ತಾರೆ? ಮಸೀದಿಯ ಇಮಾಮರನ್ನೂ ಸ್ಕ್ಯಾನಿಂಗ್ ಸೆಂಟರಿನ ಡಾಕ್ಟರರನ್ನೂ ಒಂದೇ ಅಧ್ಯಯನದಲ್ಲಿ ಕೂರಿಸಿ ಕೇಳಬಲ್ಲವರು ನೀವು. ಹೊರಗಿನಿಂದ ಬಂದವರಿಗೆ ಎರಡೂ ಬಾಗಿಲು ತೆರೆಯುವುದು ಕಷ್ಟ. ಇದರೊಳಗೆ ಇನ್ನೊಂದು ತೊಡಕಿದೆ. ಅಂಗವೈಕಲ್ಯದ ಕಾರಣಕ್ಕೇ ಹೆಚ್ಚು ಅವಧಿ ಕೊಡುವ ಕಾನೂನು ತಮ್ಮ ಜೀವಕ್ಕೆ ಕಡಿಮೆ ಬೆಲೆ ಕಟ್ಟುತ್ತದೆ ಎಂದು ವಿಕಲಚೇತನ ಚಿಂತಕರು ಹೇಳುತ್ತಾರೆ. ಮಗುವನ್ನು ಹೊತ್ತ ತಾಯಿಯ ಕಷ್ಟವೂ ಸುಳ್ಳಲ್ಲ. ನನಗೆ ಇದರಲ್ಲಿ ಇನ್ನೂ ಸ್ಪಷ್ಟ ಉತ್ತರ ಸಿಕ್ಕಿಲ್ಲ.

ರಕ್ತಸಂಬಂಧದ ಮದುವೆಯ ವಿಷಯವೂ ಹಾಗೆಯೇ. ಕರ್ನಾಟಕದಲ್ಲಿ ಇದು ಒಂದು ಧರ್ಮದವರದ್ದಲ್ಲ. ಸೋದರಮಾವನನ್ನು ಮದುವೆಯಾಗುವ ಪದ್ಧತಿ ಹಿಂದೂಗಳಲ್ಲಿದೆ, ನಮ್ಮಲ್ಲಿ ಅದು ಹರಾಮ್, ಆದರೆ ಚಿಕ್ಕಪ್ಪ, ಮಾಮೂ, ಖಾಲಾ ಮಕ್ಕಳ ನಡುವೆ ನಡೆಯುತ್ತದೆ. ವೈದ್ಯಕೀಯ ಅಧ್ಯಯನಗಳು 1980ರ ದಶಕದಿಂದಲೂ ಆಗಿವೆ. ಮನೆಯಲ್ಲಿ ಒಂದು ಮಗು ಕಿವುಡು ಹುಟ್ಟಿದ ಮೇಲೆ ಅದರ ಅಕ್ಕತಂಗಿಯರ ಮದುವೆಯ ಮಾತು ಹೇಗೆ ಬದಲಾಗುತ್ತದೆ ಎಂಬುದನ್ನು ಮನೆಯ ಒಳಗೆ ಕುಳಿತು ಕೇಳಿದವರು ಕಡಿಮೆ. ನನ್ನ ಮದುವೆಯ ಮಾತುಕತೆಯಲ್ಲಿ ಆಪಾರನ್ನು ಒಳಕೋಣೆಯಲ್ಲಿ ಕೂರಿಸಿದ್ದರು. ಅದನ್ನೂ ಅವರು ಮರೆತಿಲ್ಲ.

ಸಂಶೋಧನೆಗೆ ಹೊರಟವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅಮ್ಮಂದಿರನ್ನು ಖಳನಾಯಕಿಯರನ್ನಾಗಿ ಮಾಡಬೇಡಿ. ಬೌದ್ಧಿಕ ವೈಕಲ್ಯವಿರುವ ಮಗಳ ಗರ್ಭಕೋಶ ತೆಗೆಸಿದ ಒಬ್ಬ ತಾಯಿ ನನಗೆ ಹೇಳಿದ್ದು: "ನಾನು ಕೂಲಿಗೆ ಹೋದಾಗ ಮನೆಗೆ ಯಾರು ಬರ್ತಾರೋ ಗೊತ್ತಿಲ್ಲ. ಆದದ್ದು ಹೊಟ್ಟೆಯಲ್ಲಿ ಕಾಣೋದು ಬೇಡ ಅಂತ ತೆಗೆಸಿದೆ." ಆ ಆಪರೇಷನ್ ಮಗಳನ್ನು ಯಾರಿಂದಲೂ ರಕ್ಷಿಸಲಿಲ್ಲ, ಆಗಿದ್ದರೂ ಗೊತ್ತಾಗದಂತೆ ಮಾಡಿತು ಅಷ್ಟೆ. ಆದರೆ ಆ ತಾಯಿಗೆ ಹಗಲು ಹೊತ್ತು ಮಗಳನ್ನು ಬಿಟ್ಟುಹೋಗಲು ಒಂದು ಸುರಕ್ಷಿತ ಜಾಗವನ್ನು ನಾವ್ಯಾರೂ ಕೊಟ್ಟಿರಲಿಲ್ಲ. ನನ್ನ ಅಮ್ಮಿ ಹೆಬ್ಬೆಟ್ಟು ಒತ್ತಿದ್ದೂ ದ್ವೇಷದಿಂದಲ್ಲ.

ಕೊನೆಗೆ ಸಂಘದ ಹಿರಿಯರಲ್ಲಿ ಒಂದು ಕೋರಿಕೆ. ಪ್ರತಿವರ್ಷ ಎಸ್.ಎಸ್.ಎಲ್.ಸಿ., ಪಿ.ಯು.ಸಿ.ಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಶಾಲು, ಫಲಕ, ನಗದು ಕೊಡುತ್ತೀರಿ, ಒಳ್ಳೆಯದೇ. ಫಲಕ ಮಾಡಿಸುವ ಹಣದಲ್ಲಿ ಒಂದು ಪಾಲು ತೆಗೆದಿಟ್ಟು, ಪಿಎಚ್.ಡಿ. ಮಾಡುತ್ತಿರುವ ಒಬ್ಬರಿಗೆ ವರ್ಷಕ್ಕೆ ಆ 70,000 ರೂಪಾಯಿಯನ್ನು ಕೊಡಲಾದೀತೇ? ಫೆಲೋಶಿಪ್ ಬೇಡ, ಅದು ಸಂಘದ ಕೈಗೆ ಮೀರಿದ್ದು. ದುಭಾಷಿಗೆ, ಆಟೋಗೆ, ಬ್ರೈಲ್ ಮುದ್ರಣಕ್ಕೆ ಮಾತ್ರ, ಬಿಲ್ ತೋರಿಸಿದವರಿಗೆ. ಯಾವ ಧರ್ಮದ ವಿದ್ಯಾರ್ಥಿಗಾದರೂ ಕೊಡಿ. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಗೆ ಇದರ ಒಂದು ಪುಟದ ಟಿಪ್ಪಣಿಯನ್ನು ಕಾರ್ಯದರ್ಶಿಗಳಿಗೆ ಈಗಾಗಲೇ ಕೊಟ್ಟಿದ್ದೇನೆ.

ವಿದ್ಯಾರ್ಥಿಗಳಲ್ಲಿ ಯಾರಾದರೂ ಸಾರಲೇಖ ಬರೆದಿಟ್ಟುಕೊಂಡಿದ್ದರೆ ಅಸರ್ ನಮಾಜಿನ ನಂತರ ಒಂದು ಗಂಟೆ ನಾನು ಗ್ರಂಥಾಲಯದ ಕೋಣೆಯಲ್ಲಿರುತ್ತೇನೆ, ತನ್ನಿ. ನಾಲ್ಕು ಪುಟ ಇದ್ದರೆ ಸಾಕು. ಬಜೆಟ್ ಪುಟವನ್ನು ಮಾತ್ರ ಮರೆಯಬೇಡಿ, ನಾನು ಮೊದಲು ಅದನ್ನೇ ಓದುತ್ತೇನೆ.